ಸಾಯಲು ಬಿಡದ ಪ್ರೋಟೀನ್

ನಮ್ಮ ಮೂಳೆಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಹೆಚ್ಚುಕಡಿಮೆ ಅಷ್ಟೇ ಕಣಗಳು ಅದೇ ದಿನ ಅಳಿಯುತ್ತವೆ. ಬಿಳಿ ಕಣಗಳ ಕತೆಯೂ ಬೇರೆಯಲ್ಲ. ಸೋಂಕು ತಗುಲಿದಾಗ ಲಿಂಫೋಸೈಟ್‌ಗಳ ದಂಡೇ ಹುಟ್ಟಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲು ತಾವಾಗಿಯೇ ಸಾಯುತ್ತವೆ. ಸಾಯುವ ಏರ್ಪಾಡು ಕೋಶದ ಒಳಗೇ ಇದೆ.

ಆ ಏರ್ಪಾಡಿಗೆ ಅಡ್ಡ ನಿಲ್ಲುವ ಒಂದು ಪ್ರೋಟೀನ್ ಬಿಸಿಎಲ್-2. ಬರೀ 239 ಅಮೈನೋ ಆಮ್ಲಗಳ ಸರ, ಹಿಮೋಗ್ಲೋಬಿನ್‌ನ ಅರ್ಧದಷ್ಟೂ ಇಲ್ಲ. 1980ರ ದಶಕದ ನಡುವಿನಲ್ಲಿ ಫಿಲಡೆಲ್ಫಿಯಾದಲ್ಲಿ ತ್ಸುಜಿಮೋಟೊ, ಕ್ರೋಚೆ ಮತ್ತು ಸಂಗಡಿಗರು ಇದರ ಜೀನನ್ನು ಪತ್ತೆ ಮಾಡಿದರು. ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರಿನ ಕೋಶಗಳಲ್ಲಿ 14 ಮತ್ತು 18ನೇ ಕ್ರೋಮೋಸೋಮ್‌ಗಳು ಮುರಿದು, ತುಂಡುಗಳು ಅದಲುಬದಲಾಗಿ ಅಂಟಿಕೊಂಡಿರುತ್ತವೆ. 18ರಲ್ಲಿದ್ದ ಬಿಸಿಎಲ್-2 ಜೀನ್ ಹೋಗಿ, 14ರಲ್ಲಿರುವ ಆ್ಯಂಟಿಬಾಡಿ ಜೀನಿನ ಪಕ್ಕ ಕೂರುತ್ತದೆ. ಈ ಕ್ಯಾನ್ಸರ್ ಹುಟ್ಟುವುದು ಬಿ ಕೋಶ ಎಂಬ ಬಗೆಯ ಲಿಂಫೋಸೈಟಿನಲ್ಲಿ, ಆ್ಯಂಟಿಬಾಡಿ ಮಾಡುವುದೇ ಅದರ ಕಸುಬು. ಅಲ್ಲಿ ಸ್ವಿಚ್ ಯಾವಾಗಲೂ ಆನ್!

ಕ್ಯಾನ್ಸರ್ ಜೀನ್ ಎಂದರೆ ಕೋಶಗಳನ್ನು ಒಂದೇ ಸಮನೆ ಒಡೆದು ಎರಡಾಗಿಸುವಂಥದ್ದು ಎಂದೇ ಆಗ ಎಲ್ಲರೂ ಎಣಿಸಿದ್ದರು. 1988ರಲ್ಲಿ ಮೆಲ್ಬರ್ನ್‌ನ ಡೇವಿಡ್ ವಾಕ್ಸ್, ಸೂಸನ್ ಕೋರಿ, ಜೆರ್ರಿ ಆ್ಯಡಮ್ಸ್ ಈ ಜೀನನ್ನು ರಕ್ತಕೋಶಗಳಿಗೆ ಸೇರಿಸಿ, ಅವು ಬದುಕಲು ಬೇಕಾದ ಪೋಷಕ ಅಂಶವನ್ನು ತೆಗೆದುಬಿಟ್ಟರು. ಮಾಮೂಲಿ ಕೋಶಗಳು ಸತ್ತವು. ಇವು ಸಾಯಲಿಲ್ಲ. ಹಾಗಂತ ಹೆಚ್ಚಲೂ ಇಲ್ಲ, ಸುಮ್ನೆ ಕೂತಿದ್ದವು. ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಯೋಗ ಇದೇ. ಏನೂ ಆಗದಿರುವುದೇ ಇಲ್ಲಿ ಸುದ್ದಿ.

ನಡೆಯುವುದಿಷ್ಟು. ಸಾಯುವ ಹೊತ್ತು ಬಂದಾಗ ಬ್ಯಾಕ್ಸ್, ಬ್ಯಾಕ್ ಎಂಬ ಪ್ರೋಟೀನ್‌ಗಳು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ ತೂತು ಕೊರೆಯುತ್ತವೆ. ಒಳಗಿನ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಸೋರುತ್ತದೆ, ಕೋಶವನ್ನು ಕತ್ತರಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಬಿಸಿಎಲ್-2 ಈ ತೂತು ಕೊರೆಯುವವರನ್ನು ಹಿಡಿದು ನಿಲ್ಲಿಸುತ್ತದೆ.

ಸಾಯದಿದ್ದ ಮಾತ್ರಕ್ಕೆ ಕ್ಯಾನ್ಸರ್ ಆಗಿಬಿಡುವುದಿಲ್ಲ. ಎಷ್ಟೋ ಆರೋಗ್ಯವಂತರ ರಕ್ತದಲ್ಲೂ 14-18ರ ಅದಲುಬದಲಾದ ಕೋಶಗಳು ಒಂದಷ್ಟು ಸಿಗುತ್ತವೆ. ಆದರೆ ಜಾಸ್ತಿ ಕಾಲ ಬದುಕಿದ ಕೋಶಕ್ಕೆ ಇನ್ನಷ್ಟು ಎಡವಟ್ಟು ಮಾಡಿಕೊಳ್ಳಲು ಸಮಯ ಸಿಗುತ್ತದೆ, ಅಲ್ವಾ? ಎಮ್‌ವೈಸಿ ಎಂಬ ಜೀನ್ ಕೆಟ್ಟರೆ ಕೋಶ ಓಡೋಡಿ ವಿಭಜಿಸುತ್ತದೆ, ಜೊತೆಗೆ ಬೇಗ ಸಾಯಲೂ ತಯಾರಾಗುತ್ತದೆ. ಆ ಸಾವನ್ನು ಬಿಸಿಎಲ್-2 ತಡೆದರೆ ಓಟ ಮಾತ್ರ ಉಳಿಯುತ್ತದೆ.

ಬಿಸಿಎಲ್-2ರ ಮೈಮೇಲೆ ಒಂದು ಸಣ್ಣ ತೋಡು ಇದೆ. ಅದು ಎದುರಾಳಿಯನ್ನು ಹಿಡಿಯುವುದು ಅಲ್ಲೇ. ಆ ತೋಡಿಗೆ ಸಿಕ್ಕಿಸುವ ಔಷಧಗಳಲ್ಲಿ ಮೊದಮೊದಲು ಬಂದ ನ್ಯಾವಿಟೋಕ್ಲಾಕ್ಸ್, ಪ್ಲೇಟ್‌ಲೆಟ್‌ಗಳನ್ನು ಕಾಯುವ ಬಿಸಿಎಲ್-ಎಕ್ಸ್‌ಎಲ್ ಎಂಬ ನೆಂಟನಿಗೂ ಬಡಿಯಿತು. ಪ್ಲೇಟ್‌ಲೆಟ್‌ಗಳು ಕುಸಿದವು. ಬಿಸಿಎಲ್-2ನ್ನೇ ಗುರಿಯಾಗಿಸುವ ವೆನೆಟೋಕ್ಲಾಕ್ಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ, ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಒಂದು ಬಗೆಗೆ. ಈ ಲ್ಯುಕೇಮಿಯಾದಲ್ಲಿ ಮದ್ದಿನ ಏಟಿಗೆ ಕೋಶಗಳು ಒಟ್ಟಿಗೇ ಸತ್ತು, ಒಳಗಿನದನ್ನೆಲ್ಲ ರಕ್ತಕ್ಕೆ ಸುರಿದು ಮೂತ್ರಪಿಂಡವನ್ನು ಕೆಡಿಸಬಹುದು. ಅದಕ್ಕೇ ದಿನಕ್ಕೆ 20 ಮಿಲಿಗ್ರಾಂನಿಂದ ಶುರುಮಾಡಿ, ಐದು ವಾರಗಳಲ್ಲಿ 400ಕ್ಕೆ ಏರಿಸುತ್ತಾರೆ.

ಕೆಲವು ಕ್ಯಾನ್ಸರ್ ಕೋಶಗಳು ಇದಕ್ಕೂ ಉಪಾಯ ಹುಡುಕಿಕೊಂಡಿವೆ. ಬಿಸಿಎಲ್-2 ಕೈಕೊಟ್ಟರೆ ಎಂಸಿಎಲ್-1 ಎಂಬ ಇನ್ನೊಬ್ಬ ನೆಂಟನ ಆಸರೆ ಹಿಡಿಯುತ್ತವೆ. ಅದನ್ನೂ ತಡೆಯೋಣ ಎಂದು ಹೊರಟವರಿಗೆ ಹೃದಯ ಅಡ್ಡ ಬಂದಿದೆ. ಹೃದಯದ ಸ್ನಾಯುಕೋಶಗಳು ಬದುಕಿರುವುದೂ ಎಂಸಿಎಲ್-1ನ್ನೇ ನೆಚ್ಚಿಕೊಂಡು.