ದಾಸವಾಳ ಸವರಿದರೆ ಹೂ ನಿಂತುಹೋಗುತ್ತಾ?

ಪ್ರಶ್ನೆ: ನಮ್ಮ ಕೆಂಪು ದಾಸವಾಳ ಎಂಟು ಅಡಿ ದಾಟಿದೆ. ಹೂ ಬಿಡುವುದು ತುದಿಯಲ್ಲಿ ಮಾತ್ರ. ಪೂಜೆಗೆ ಕೊಯ್ಯಲು ದೋಟಿ ಬೇಕು. ಪಕ್ಕದ ಮನೆಯ ಗಿಡ ಎದೆಮಟ್ಟ ಇದ್ದರೂ ಮೈತುಂಬಾ ಹೂ. ಸವರಿದರೆ ಹೂ ನಿಂತುಹೋಗುತ್ತೆ ಅಂತಾರೆ, ನಿಜವಾ?

ಉತ್ತರ: ಸ್ವಲ್ಪ ದಿನ ನಿಲ್ಲುತ್ತದೆ. ಆಮೇಲೆ ಮೊದಲಿಗಿಂತ ಜಾಸ್ತಿ ಬರುತ್ತದೆ.

ಒಂದು ಕೆಲಸ ಮಾಡಿ. ಕತ್ತರಿ ಹಿಡಿಯುವ ಮೊದಲು ಆ ಪಕ್ಕದ ಮನೆಯವರನ್ನು ಕೇಳಿಕೊಂಡು ಅವರ ಗಿಡದ ಹತ್ತಿರ ಹೋಗಿ ನಿಲ್ಲಿ. ಹೂ ನೋಡಿದ್ದು ಸಾಕು, ಹೂವಿನ ಕೆಳಗಿನ ಕಡ್ಡಿ ನೋಡಿ. ಅದು ಹಸಿರಾಗಿ, ಎಳೆಯದಾಗಿ ಇರುತ್ತದೆ. ಅದರ ಬುಡದಲ್ಲಿ ಎಂದೋ ಕತ್ತರಿಸಿದ ಒಣ ಗುರುತು ಕಾಣುತ್ತದೆ. ಅಲ್ಲಿಂದ ಎರಡು ಮೂರು ಕವಲು ಒಡೆದಿರುತ್ತವೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲೇ. ನಿಮ್ಮ ಗಿಡದಲ್ಲಿ ಹೊಸ ಚಿಗುರು ಇರುವುದು ಎಂಟಡಿ ಮೇಲೆ, ಹಾಗಾಗಿ ಹೂವೂ ಅಲ್ಲೇ.

ತುದಿಯ ಚಿಗುರಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಗೆಣ್ಣುಗಳಲ್ಲಿರುವ ಚಿಗುರು ಮೊಗ್ಗುಗಳು ಏಳದಂತೆ ಅದು ತಡೆದಿರುತ್ತದೆ. ತುದಿ ತೆಗೆದ ಕೂಡಲೇ ಅವು ಎದ್ದು ಟಿಸಿಲೊಡೆಯುತ್ತವೆ. ಒಂದು ಕಡ್ಡಿ ಇದ್ದಲ್ಲಿ ಮೂರು ಕಡ್ಡಿ, ಮೂರಕ್ಕೂ ಹೂ.

ಮಲೆನಾಡು, ಕರಾವಳಿಯಲ್ಲಿ ಜಡಿಮಳೆ ಹಿಡಿದಾಗ ಸವರಬೇಡಿ, ಗಾಯ ಕೊಳೆಯುತ್ತದೆ. ಮಳೆ ಕಡಿಮೆಯಾದ ಮೇಲೆ ಸವರಿ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಮುಂಗಾರು ಶುರುವಾಗುವ ಹೊತ್ತು ಒಳ್ಳೆಯದು. ಸುಡುಬೇಸಿಗೆಯಲ್ಲಿ ಮಾತ್ರ ಬೇಡ. ಹೊರಕ್ಕೆ ಮುಖ ಮಾಡಿದ ಗೆಣ್ಣು ಹುಡುಕಿ, ಅದರಿಂದ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ. ಒಂದೇ ಸಲಕ್ಕೆ ಗಿಡದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಎಂಟಡಿ ಗಿಡ ಎದೆಮಟ್ಟಕ್ಕೆ ಬರಲು ಎರಡು ಮೂರು ಸಲ ಸವರಬೇಕಾಗಬಹುದು, ಅವಸರ ಬೇಡ.

ಪೂಜೆಗೆ ಹೂ ತಪ್ಪಬಾರದು ಅಲ್ವಾ? ನಮ್ಮತ್ತೆ ಮಾಡುತ್ತಿದ್ದ ಹಾಗೆ ಮಾಡಿ. ಅವರು ಈ ತಿಂಗಳು ಅರ್ಧ ಕೊಂಬೆಗಳನ್ನು ಮಾತ್ರ ಸವರುತ್ತಿದ್ದರು. ಅವು ಚಿಗುರಿ ಮೊಗ್ಗು ಕಟ್ಟಿದ ಮೇಲೆಯೇ ಉಳಿದವಕ್ಕೆ ಕೈ ಹಾಕುತ್ತಿದ್ದರು. ಒಂದು ದಿನವೂ ದೇವರ ತಟ್ಟೆ ಖಾಲಿ ಇದ್ದದ್ದು ನನಗೆ ನೆನಪಿಲ್ಲ.

ಆದರೆ ಇದೇ ಕತ್ತರಿಯನ್ನು ಎಲ್ಲ ಗಿಡಕ್ಕೂ ಆಡಿಸಬೇಡಿ. ದುಂಡು ಮಲ್ಲಿಗೆಯದೂ ಹೊಸ ಚಿಗುರಿನ ಹೂವೇ, ಆದರೆ ಅದನ್ನು ಸವರುವುದು ನವೆಂಬರ್ ಕೊನೆಯಿಂದ ಜನವರಿಯೊಳಗೆ. ಕೊಡಗಿನ ಮನೆಯಂಗಳಗಳ ನೀಲಿ ಹೈಡ್ರೇಂಜಿಯಾ ಬೇರೆ ಥರ. ಅದರ ಮೊಗ್ಗು ಹಿಂದಿನ ವರ್ಷದ ಕಡ್ಡಿಯಲ್ಲೇ ಕೂತಿರುತ್ತದೆ. ಹೂ ಬಾಡಿದ ಕೂಡಲೇ ಸವರಬೇಕು, ತಡವಾಗಿ ಸವರಿದರೆ ಮುಂದಿನ ವರ್ಷದ ಹೂವನ್ನೇ ಕತ್ತರಿಸಿದಂತೆ. ನಾನು ಈ ತಪ್ಪು ಮಾಡಿ ಇಡೀ ವರ್ಷ ಬರೀ ಎಲೆ ನೋಡಿದ್ದೇನೆ. ಅದಕ್ಕೇ ಯಾರ ತೋಟಕ್ಕೆ ಹೋದರೂ ಈಗ ಮೊದಲು ಕೇಳುವುದು, "ಇದನ್ನ ಯಾವಾಗ ಸವರಿದ್ರಿ?" ಅಂತ. ಗಿಡ ಸಾಕಿದವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಹೇಳುತ್ತಾರೆ, ಕಾಫಿ ಕುಡಿಸದೆ ಕಳಿಸುವುದಿಲ್ಲ.

ಸವರಿದ ಕಡ್ಡಿಗಳನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದವನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ಕಿತ್ತು ನೆರಳಲ್ಲಿ ನೆಡಿ. ಪಕ್ಕದ ಮನೆಗೂ ಎರಡು ಕೊಡಿ, ಅವರ ಬಣ್ಣದ್ದು ಎರಡು ಕೇಳಿ ತನ್ನಿ. ತರುವಾಗ ಎಲೆಯ ಕಂಕುಳನ್ನು ಒಮ್ಮೆ ನೋಡಿಕೊಳ್ಳಿ. ಬಿಳಿ ಹತ್ತಿಯಂಥದ್ದು ಅಂಟಿದ್ದರೆ ಅದು ಹಿಟ್ಟು ತಿಗಣೆ, ಆ ಕಡ್ಡಿ ಬೇಡ. ಅವರ ಗಿಡಕ್ಕೆ ಆಡಿಸಿದ ಕತ್ತರಿಯನ್ನೂ ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ನಿಮ್ಮ ಗಿಡ ಮುಟ್ಟಿ.