ಒಂದು ಡಿಶ್, ಆರು ಟಿವಿ: ಮಲ್ಟಿಸ್ವಿಚ್ ಆರಿಸುವುದು, ಕೂರಿಸುವುದು

ಶಿವಮೊಗ್ಗದಲ್ಲಿ ನಮ್ಮ ಸೋದರಮಾವನದು ಮೂರು ಅಂತಸ್ತಿನ ಮನೆ. ಮೂವರು ಅಣ್ಣತಮ್ಮಂದಿರ ಸಂಸಾರ, ಒಟ್ಟು ಆರು ಟಿವಿ. ತಾರಸಿ ಮೇಲೆ ನಾಲ್ಕು ಡಿಶ್ ಇದ್ದವು. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವಾಗ ಎಲ್ಲವನ್ನೂ ಬಿಚ್ಚಿಟ್ಟರು. ಆಗ ಮಾವ ಕೇಳಿದರು, "ಒಂದೇ ಡಿಶ್‌ನಲ್ಲಿ ಆರೂ ಟಿವಿ ಬರಲ್ವೇನೋ?" ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ಬರುತ್ತದೆ ಅಂತ ಹೇಳಿದೆ. ಆದರೆ ಹೇಗೆ ಬರುತ್ತದೆ ಅನ್ನುವುದು ಸರಿಯಾಗಿ ಅರ್ಥವಾಗಿದ್ದು ಕೆಲಸಕ್ಕೆ ಇಳಿದ ಮೇಲೆ. ಆಗ ಬರೆದುಕೊಂಡಿದ್ದನ್ನು ಕಲಿಯುತ್ತಿರುವ ಬೇರೆಯವರಿಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಡಿಶ್ ಒಂದೇ ಆದರೂ ಪ್ರತಿ ಟಿವಿಗೂ ಬೇರೆ ಸೆಟ್ ಟಾಪ್ ಬಾಕ್ಸ್ ಬೇಕು. ದುಡ್ಡು ಕಟ್ಟುವ ಡಿಟಿಎಚ್ ಆದರೆ ಪ್ರತಿ ಬಾಕ್ಸ್‌ಗೂ ಕನೆಕ್ಷನ್ ಇರಲೇಬೇಕು. ಡಿಶ್‌ಗೂ ಬಾಕ್ಸ್‌ಗಳಿಗೂ ನಡುವೆ ಕೂರುವ ಮಲ್ಟಿಸ್ವಿಚ್ ಎಂಬ ಪೆಟ್ಟಿಗೆ ಹಂಚುವುದು ಸಿಗ್ನಲ್ಲನ್ನು ಮಾತ್ರ.

ಕೇಬಲ್ ಸೀಳಿ ಹಂಚಿದರೆ ಯಾಕೆ ಆಗುವುದಿಲ್ಲ?

ಇದೇ ಇಡೀ ವಿಷಯದ ಬೇರು. ಇದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಉಪಗ್ರಹದಿಂದ ಬರುವ ಕೆಯು ಬ್ಯಾಂಡ್ ಸಿಗ್ನಲ್ 10.7ರಿಂದ 12.75 ಗಿಗಾಹರ್ಟ್ಜ್‌ವರೆಗೆ ಹರಡಿಕೊಂಡಿದೆ. ಅಂದರೆ 2050 ಮೆಗಾಹರ್ಟ್ಜ್ ಅಗಲ. ಅದರಲ್ಲೂ ಎರಡು ಥರ ಇದೆ, ವರ್ಟಿಕಲ್ ಮತ್ತು ಹಾರಿಜಾಂಟಲ್. ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದು ಅಲೆ ನೆಟ್ಟಗೆ, ಇನ್ನೊಂದು ಅಡ್ಡಕ್ಕೆ ಬರುತ್ತದೆ. ಎರಡೂ ಸೇರಿದರೆ 4100 ಮೆಗಾಹರ್ಟ್ಜ್. ಡಿಶ್‌ನ ಮುಂದೆ ಕೂರುವ ಎಲ್‌ಎನ್‌ಬಿ ಎಂಬ ಭಾಗ ಇದನ್ನು ಹಿಡಿದು, ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸಿ ಕೇಬಲ್‌ಗೆ ಬಿಡುತ್ತದೆ. ಆದರೆ ನಮ್ಮ ಕೇಬಲ್‌ನಲ್ಲಿ ಡಿಶ್ ಸಿಗ್ನಲ್‌ಗೆ ಇರುವ ಜಾಗ 950ರಿಂದ 2150 ಮೆಗಾಹರ್ಟ್ಜ್, ಅಂದರೆ ಬರೀ 1200. ನಾಲ್ಕು ಸೇರು ಅಕ್ಕಿಯನ್ನು ಒಂದು ಸೇರಿನ ಡಬ್ಬಿಗೆ ತುಂಬಿದ ಹಾಗೆ, ಹಿಡಿಸುವುದಿಲ್ಲ.

ಹಾಗಾಗಿ ಅದನ್ನು ನಾಲ್ಕು ಪಾಲು ಮಾಡಿದ್ದಾರೆ. ವರ್ಟಿಕಲ್ ಲೋ, ವರ್ಟಿಕಲ್ ಹೈ, ಹಾರಿಜಾಂಟಲ್ ಲೋ, ಹಾರಿಜಾಂಟಲ್ ಹೈ. ಒಂದು ಕೇಬಲ್‌ನಲ್ಲಿ ಒಂದು ಸಲಕ್ಕೆ ಒಂದು ಪಾಲು ಮಾತ್ರ ಇಳಿಯುತ್ತದೆ. ಯಾವ ಪಾಲು ಬೇಕು ಅಂತ ಬಾಕ್ಸೇ ಅದೇ ಕೇಬಲ್ ಮೂಲಕ ಮೇಲಕ್ಕೆ ಹೇಳುತ್ತದೆ. 13 ವೋಲ್ಟ್ ಕಳಿಸಿದರೆ ವರ್ಟಿಕಲ್, 18 ವೋಲ್ಟ್ ಕಳಿಸಿದರೆ ಹಾರಿಜಾಂಟಲ್. ಜೊತೆಗೆ 22 ಕಿಲೋಹರ್ಟ್ಜ್ ಟೋನ್ ಇದ್ದರೆ ಹೈ ಬ್ಯಾಂಡ್, ಇಲ್ಲದಿದ್ದರೆ ಲೋ.

ಈಗ ಎರಡು ಬಾಕ್ಸನ್ನು ಸಾದಾ ಸ್ಪ್ಲಿಟರ್ ಹಾಕಿ ಒಂದೇ ಕೇಬಲ್‌ಗೆ ಸೇರಿಸಿದ್ದೀರಿ ಅಂದುಕೊಳ್ಳಿ. ಕೆಳಗಿನ ಮನೆಯಲ್ಲಿ ಅಜ್ಜಿ ನೋಡುವ ಚಾನೆಲ್ ವರ್ಟಿಕಲ್, ಅದಕ್ಕೆ 13 ವೋಲ್ಟ್ ಬೇಕು. ಮೇಲಿನ ಮನೆಯ ಹುಡುಗರು ಕ್ರಿಕೆಟ್ ಹಾಕಿದರು, ಅದು ಹಾರಿಜಾಂಟಲ್, 18 ವೋಲ್ಟ್. ಕೇಬಲ್ ಮೇಲೆ ಜಾಸ್ತಿ ವೋಲ್ಟೇಜೇ ನಿಲ್ಲುತ್ತದೆ. ಅಜ್ಜಿಯ ಧಾರಾವಾಹಿ ಅಲ್ಲಿಗೆ ನಿಂತಿತು. ಮಾವನ ಮನೆಯಲ್ಲಿ ಹಿಂದೆ ಹೀಗೆ ಎಷ್ಟು ಸಲ ಜಗಳ ಆಗಿತ್ತೋ! ಯಾರೂ ರಿಮೋಟ್ ಮುಟ್ಟದೆ ಚಾನೆಲ್ ಹೋಗುತ್ತಿತ್ತು, ಕಾರಣ ಯಾರಿಗೂ ಗೊತ್ತಿರಲಿಲ್ಲ.

ಮಲ್ಟಿಸ್ವಿಚ್ ಮಾಡುವುದು ಇಷ್ಟು. ಡಿಶ್‌ನಿಂದ ನಾಲ್ಕು ಪಾಲನ್ನೂ ನಾಲ್ಕು ಕೇಬಲ್‌ನಲ್ಲಿ ಯಾವಾಗಲೂ ತನ್ನ ಹತ್ತಿರ ತರಿಸಿಕೊಂಡು ಇಟ್ಟುಕೊಳ್ಳುತ್ತದೆ. ಯಾವ ಬಾಕ್ಸ್ ಯಾವ ಪಾಲು ಕೇಳುತ್ತದೋ ಅದನ್ನು ಆ ಬಾಕ್ಸ್‌ಗೆ ಮಾತ್ರ ಕೊಡುತ್ತದೆ. ಒಬ್ಬರ ಬೇಡಿಕೆ ಇನ್ನೊಬ್ಬರಿಗೆ ತಾಗುವುದಿಲ್ಲ.

ನಿಮಗೆ ಅದು ಬೇಕೇ ಅಂತ ಮೊದಲು ನೋಡಿ

ಬಾಕ್ಸ್‌ನ ಮೆನುವಿನಲ್ಲಿ ಫ್ರೀಕ್ವೆನ್ಸಿ ಪಟ್ಟಿ ಸಿಕ್ಕರೆ ಅದನ್ನು ಬರೆದುಕೊಳ್ಳಿ. 11,700ಕ್ಕಿಂತ ಕಮ್ಮಿ ಇರುವವು ಲೋ ಬ್ಯಾಂಡ್, ಜಾಸ್ತಿ ಇರುವವು ಹೈ. ಪಕ್ಕದಲ್ಲಿ ವಿ ಅಥವಾ ಎಚ್ ಅಂತ ಇರುತ್ತದೆ. ಎಲ್ಲವೂ ಒಂದೇ ಬ್ಯಾಂಡ್, ಒಂದೇ ಅಕ್ಷರ ಆಗಿದ್ದರೆ ಎಲ್ಲ ಬಾಕ್ಸ್‌ಗಳೂ ಕೇಳುವುದು ಒಂದೇ ಪಾಲು. ಅಲ್ಲಿ ಮಲ್ಟಿಸ್ವಿಚ್ ಬೇಡ. 950ರಿಂದ 2150 ಮೆಗಾಹರ್ಟ್ಜ್ ಹಾಯುವ, ಒಂದು ಕಾಲಿನಲ್ಲಿ ಮಾತ್ರ ಪವರ್ ಬಿಡುವ ಸ್ಪ್ಲಿಟರ್ ಸಾಕು. ಆದರೆ ಪವರ್ ಹೋಗುವ ಕಾಲಿಗೆ ಸೇರಿಸಿದ ಬಾಕ್ಸ್ ಯಾವಾಗಲೂ ಆನ್ ಇರಬೇಕು, ಅದು ನೆನಪಿರಲಿ.

ಎರಡು, ಮೂರು, ನಾಲ್ಕು ಟಿವಿ ಮಾತ್ರ ಇದ್ದರೂ ಸ್ವಿಚ್ ಬೇಡ. ಕೇಬಲ್ ಸೇರಿಸಲು ಎರಡು ಬಾಯಿ ಇರುವ ಟ್ವಿನ್ ಅಥವಾ ನಾಲ್ಕು ಬಾಯಿಯ ಕ್ವಾಡ್ ಎಲ್‌ಎನ್‌ಬಿ ಹಾಕಿ ಪ್ರತಿ ಬಾಕ್ಸ್‌ಗೂ ನೇರ ಒಂದೊಂದು ಕೇಬಲ್ ಎಳೆದರೆ ಮುಗಿಯಿತು. ಎಂಟಕ್ಕೆ ಆಕ್ಟೋ ಎಲ್‌ಎನ್‌ಬಿಯೂ ಇದೆ. ಆದರೆ ತಾರಸಿಯಿಂದ ಎಂಟು ಕೇಬಲ್ ಇಳಿಸುವುದು ಯಾರಿಗೂ ಇಷ್ಟವಾಗುವ ಕೆಲಸ ಅಲ್ಲ. ಐದು ದಾಟಿದರೆ, ಮುಂದೆ ಇನ್ನೂ ಕೋಣೆ ಕಟ್ಟಿಸುವ ಯೋಚನೆ ಇದ್ದರೆ, ಮಲ್ಟಿಸ್ವಿಚ್ಚೇ ಸರಿ ಅಂತ ನನ್ನ ಅಭಿಪ್ರಾಯ.

ಕ್ವಾಡ್ ಬೇರೆ, ಕ್ವಾಟ್ರೊ ಬೇರೆ

ನಾನು ಎಡವಿದ್ದು ಇಲ್ಲೇ. ಅಂಗಡಿಯಲ್ಲಿ ಕ್ವಾಟ್ರೊ ಕೇಳಿದೆ, ಕೊಟ್ಟಿದ್ದು ಕ್ವಾಡ್. ಎರಡಕ್ಕೂ ನಾಲ್ಕು ಬಾಯಿ, ನೋಡಲು ಒಂದೇ ಥರ. ಮನೆಗೆ ಬಂದು ಕೂರಿಸಿದರೆ ಅರ್ಧ ಚಾನೆಲ್ ಬರಲಿಲ್ಲ. ಒಂದಿಡೀ ದಿನ ಡಿಶ್ ತಿರುಗಿಸುತ್ತಾ ಕೂತೆ. ತಪ್ಪು ಡಿಶ್‌ನದಾಗಿರಲಿಲ್ಲ.

ವ್ಯತ್ಯಾಸ ಹೀಗಿದೆ. ಕ್ವಾಟ್ರೊದಲ್ಲಿ ಪ್ರತಿ ಬಾಯಿಗೂ ಒಂದು ಪಾಲು ಖಾಯಂ. ಈ ಬಾಯಲ್ಲಿ ಯಾವಾಗಲೂ ವರ್ಟಿಕಲ್ ಲೋ, ಆ ಬಾಯಲ್ಲಿ ಯಾವಾಗಲೂ ಹಾರಿಜಾಂಟಲ್ ಹೈ. ಇದು ಮಲ್ಟಿಸ್ವಿಚ್‌ಗಾಗಿಯೇ ಮಾಡಿದ್ದು. ಕ್ವಾಡ್‌ನ ಹೊಟ್ಟೆಯೊಳಗೆ ಆಗಲೇ ಒಂದು ಪುಟ್ಟ ಸ್ವಿಚ್ ಇದೆ. ಅದರ ಪ್ರತಿ ಬಾಯಿಯೂ ಒಂದು ಬಾಕ್ಸ್ ಹೇಳಿದಂತೆ ಪಾಲು ಬದಲಿಸುತ್ತದೆ. ಅದನ್ನು ಸಾದಾ ಮಲ್ಟಿಸ್ವಿಚ್‌ಗೆ ಸೇರಿಸಿದರೆ ಕೆಳಗಿನಿಂದ ಯಾರೂ ಅದಕ್ಕೆ ಸರಿಯಾದ ಟೋನ್, ವೋಲ್ಟೇಜ್ ಕಳಿಸುವುದಿಲ್ಲ. ನಾಲ್ಕು ಬಾಯಲ್ಲೂ ಒಂದೇ ಪಾಲು ಬರಬಹುದು. ಕ್ವಾಡ್ ಜೊತೆಗೂ ನಡೆಯುತ್ತದೆ ಅಂತ ಬರೆದಿರುವ ಮಲ್ಟಿಸ್ವಿಚ್‌ಗಳು ಇವೆ. ಅವು ತಾವೇ ನಾಲ್ಕು ಇನ್‌ಪುಟ್‌ಗೂ ಬೇರೆ ಬೇರೆ ವೋಲ್ಟೇಜ್, ಟೋನ್ ಕಳಿಸುತ್ತವೆ. ಪೆಟ್ಟಿಗೆ ಮೇಲೆ ಹಾಗೆ ಬರೆದಿದ್ದರೆ ಮಾತ್ರ ನಂಬಿ. ಕ್ವಾಟ್ರೊದ ಬಾಯಿಗಳ ಹತ್ತಿರ ವಿ, ಎಚ್, ಲೋ, ಹೈ ಗುರುತು ಇರುತ್ತದೆ. ಕ್ವಾಡ್‌ಗೆ ಆ ಗುರುತು ಇರುವುದಿಲ್ಲ. ಅಂಗಡಿಯಲ್ಲೇ ತಿರುಗಿಸಿ ನೋಡಿ.

5/8 ಅಂದರೇನು?

ಐದು ಒಳಬಾಯಿ, ಎಂಟು ಹೊರಬಾಯಿ. ಒಳಬಾಯಿಯಲ್ಲಿ ನಾಲ್ಕು ಡಿಶ್‌ಗೆ, ಐದನೆಯದು ಸಾದಾ ಆಂಟೆನಾಕ್ಕೆ. ದೂರದರ್ಶನದ ಹಳೆಯ ಆಂಟೆನಾ ಪ್ರಸಾರ ನಮ್ಮಲ್ಲಿ ಬಹುತೇಕ ನಿಂತಿದೆ. ಹಾಗಾಗಿ ಐದನೆಯದು ಸಾಮಾನ್ಯವಾಗಿ ಖಾಲಿ. ಬೇಕಿದ್ದರೆ ಎಫ್‌ಎಂ ಆಂಟೆನಾ ಸೇರಿಸಬಹುದು.

ಆರು ಟಿವಿಗೆ ಆರು ಹೊರಬಾಯಿ ಸಾಲದೇ ಅಂತ ಕೇಳಬಹುದು. ಎಂಟರದ್ದೇ ತೆಗೆದುಕೊಳ್ಳಿ. ರೆಕಾರ್ಡ್ ಮಾಡುವ ಬಾಕ್ಸ್‌ನಲ್ಲಿ ಎರಡು ಟ್ಯೂನರ್ ಇದ್ದರೆ ಅದೊಂದಕ್ಕೇ ಎರಡು ಕೇಬಲ್ ಬೇಕು. ಮಾವನ ಮನೆಗೆ 5/8 ತಂದೆವು, ಆಗಲೇ ಏಳು ಬಾಯಿ ತುಂಬಿದೆ.

ಎರಡು ಉಪಗ್ರಹ ಬೇಕಾದರೆ 9/8. ಮೊದಲ ಉಪಗ್ರಹಕ್ಕೆ ನಾಲ್ಕು ಒಳಬಾಯಿ (ಎ ಬದಿ), ಎರಡನೆಯದಕ್ಕೆ ನಾಲ್ಕು (ಬಿ ಬದಿ), ಆಂಟೆನಾಕ್ಕೆ ಒಂದು. ಉದಾಹರಣೆಗೆ ಡಿಡಿ ಫ್ರೀ ಡಿಶ್ 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ ಬರುತ್ತದೆ. 2015ರ ನವೆಂಬರ್‌ನಲ್ಲಿ ಹಾರಿದ ಈ ಉಪಗ್ರಹವನ್ನು ನೋಡಿಕೊಳ್ಳುವುದು ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಟಾಟಾ ಪ್ಲೇ ಬರುವುದು 83 ಡಿಗ್ರಿಯಿಂದ. ಎರಡೂ ಬೇಕಾದರೆ ಎರಡು ಡಿಶ್, ಎರಡು ಕ್ವಾಟ್ರೊ. ಯಾವ ಉಪಗ್ರಹ ಅನ್ನುವುದನ್ನು ಬಾಕ್ಸ್ ಡೈಸೆಕ್ ಎಂಬ ಸಂಕೇತದಿಂದ ಹೇಳುತ್ತದೆ. ಇದು ಅದೇ 22 ಕಿಲೋಹರ್ಟ್ಜ್ ಟೋನನ್ನು ಬಿಟ್ಟು ಬಿಟ್ಟು ಕಳಿಸುವ ವಿಧಾನ. ಡಿಟಿಎಚ್ ಕಂಪನಿ ಕೊಡುವ ಬಾಕ್ಸ್‌ನಲ್ಲಿ ಆ ಮೆನು ಸಿಗದೇ ಇರಬಹುದು. ಸಂಕೇತ ಬರದಿದ್ದರೆ ಸ್ವಿಚ್ ಸಾಮಾನ್ಯವಾಗಿ ಎ ಬದಿಯನ್ನೇ ಕೊಡುತ್ತದೆ. ಆದ್ದರಿಂದ ಅಂಥ ಬಾಕ್ಸ್‌ನ ಉಪಗ್ರಹವನ್ನು ಎ ಬದಿಗೆ ಸೇರಿಸಿ.

ಒಂದೇ ಕೇಬಲ್‌ನಲ್ಲಿ ಹಲವು ಬಾಕ್ಸ್ ನಡೆಸುವ ಯುನಿಕೇಬಲ್ ಪದ್ಧತಿಯೂ ಇದೆ. ಬಾಕ್ಸ್ ಅದಕ್ಕೆ ಒಪ್ಪಬೇಕು, ಇಲ್ಲದಿದ್ದರೆ ಪ್ರಯೋಜನವಿಲ್ಲ.

ಕರೆಂಟ್ ಎಲ್ಲಿಂದ?

ಕೆಲವು ಸ್ವಿಚ್‌ಗಳು ಬಾಕ್ಸ್‌ಗಳಿಂದಲೇ ಕರೆಂಟ್ ತೆಗೆದುಕೊಳ್ಳುತ್ತವೆ. ಕೆಲವಕ್ಕೆ ಅಡಾಪ್ಟರ್ ಇರುತ್ತದೆ. ಬಾಕ್ಸ್ ಜಾಸ್ತಿ, ಕೇಬಲ್ ಉದ್ದ ಇರುವಲ್ಲಿ ಅಡಾಪ್ಟರ್ ಇರುವುದೇ ಒಳ್ಳೆಯದು. ಒಂದು ಬಾಕ್ಸಿನ ಮೇಲೆ ಇಡೀ ಎಲ್‌ಎನ್‌ಬಿಯ ಭಾರ ಬೀಳುವುದಿಲ್ಲ.

ಆದರೆ ನಮ್ಮ ಊರುಗಳ ವಿಷಯ ಬೇರೆ. ಮಾವನ ಮನೆಯಲ್ಲಿ ಟಿವಿ ಇನ್ವರ್ಟರ್ ಲೈನಿನಲ್ಲಿದೆ. ಸ್ವಿಚ್‌ನ ಅಡಾಪ್ಟರ್ ಹಾಕಿದ್ದ ಮೆಟ್ಟಿಲ ಕೆಳಗಿನ ಪ್ಲಗ್ ಇನ್ವರ್ಟರ್‌ನದಾಗಿರಲಿಲ್ಲ. ಮೊದಲ ಸಲ ಕರೆಂಟ್ ಹೋದಾಗ ಆರೂ ಟಿವಿ ಆನ್ ಇದ್ದವು, ಒಂದರಲ್ಲೂ ಸಿಗ್ನಲ್ ಇರಲಿಲ್ಲ. ಆಮೇಲೆ ಆ ಪ್ಲಗ್ಗಿಗೂ ಇನ್ವರ್ಟರ್ ಲೈನ್ ಎಳೆಸಿದೆವು. ವೈರಿಂಗ್ ಮಾಡಿಸುವಾಗಲೇ ಇದನ್ನು ಎಲೆಕ್ಟ್ರಿಷಿಯನ್‌ಗೆ ಹೇಳಿಬಿಡಿ.

ಕೇಬಲ್: ಇಲ್ಲಿ ಜಿಪುಣತನ ಬೇಡ

75 ಓಮ್‌ನ ಆರ್‌ಜಿ-6 ತನ್ನಿ. ಒಳತಂತಿ ಪೂರ್ತಿ ತಾಮ್ರದ್ದೋ, ಉಕ್ಕಿನ ಮೇಲೆ ತಾಮ್ರ ಲೇಪಿಸಿದ್ದೋ ಕೇಳಿ. ತುದಿಗೆ ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ, ಉಕ್ಕು ಅಂಟುತ್ತದೆ.

ಇದರ ಹಿಂದೆ ಒಂದು ಚೆಂದದ ಪಾಠ ಇದೆ. ಮೇಲಿನ ಫ್ರೀಕ್ವೆನ್ಸಿಯ ಸಿಗ್ನಲ್ ತಂತಿಯ ಚರ್ಮದ ಮೇಲೇ ಹರಿಯುತ್ತದೆ. ಆದ್ದರಿಂದ ಉಕ್ಕಿನ ಒಳತಂತಿಯಲ್ಲೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ 13/18 ವೋಲ್ಟ್ ಡಿಸಿ ಇಡೀ ತಂತಿಯೊಳಗೆ ಹರಿಯುವಂಥದ್ದು. ಉಕ್ಕಿನ ಒಳತಂತಿಗೆ ಅದರ ತಡೆ ತಾಮ್ರದ ನಾಲ್ಕೈದು ಪಟ್ಟು. ಉದ್ದ ಕೇಬಲ್‌ನಲ್ಲಿ 18 ವೋಲ್ಟ್ ಇಳಿಯುತ್ತಾ ಹೋಗಿ ಸ್ವಿಚ್‌ಗೆ 13ರ ಹಾಗೆ ಕಾಣಿಸಬಹುದು. ಆಗ ಹಾರಿಜಾಂಟಲ್ ಚಾನೆಲ್ ಮಾತ್ರ ಮಾಯ.

ಸಿಗ್ನಲ್ ಲೆಕ್ಕ ಅಂದಾಜಿಗೆ ಹೀಗೆ. ಒಳ್ಳೆಯ ಆರ್‌ಜಿ-6 ಕೂಡ 2150 ಮೆಗಾಹರ್ಟ್ಜ್‌ನಲ್ಲಿ 100 ಮೀಟರ್‌ಗೆ ಸುಮಾರು 30 ಡೆಸಿಬಲ್ ತಿನ್ನುತ್ತದೆ. 30 ಮೀಟರ್‌ಗೆ ಸುಮಾರು 9. ಸ್ವಿಚ್ ಎಷ್ಟು ತಿನ್ನುತ್ತದೆ ಅಂತ ಅದರ ಕಾಗದದಲ್ಲಿ ಇರುತ್ತದೆ. ಗೋಡೆಯ ಸಾಕೆಟ್ಟಿನಲ್ಲಿ 47ರಿಂದ 77 ಡೆಸಿಬಲ್ ಮೈಕ್ರೋವೋಲ್ಟ್ ಒಳಗಿದ್ದರೆ ಬಾಕ್ಸ್‌ಗೆ ಸಾಕು. ಸಾಮಾನ್ಯ ಮನೆಗಳಲ್ಲಿ ಆಂಪ್ಲಿಫೈಯರ್ ಬೇಕಾಗುವುದೇ ಇಲ್ಲ.

ಕೂರಿಸುವ ಕ್ರಮ

ಮೊದಲು ಸ್ವಿಚ್ ಮುಟ್ಟಬೇಡಿ. ಒಂದು ಬಾಕ್ಸ್, ಒಂದು ಸಣ್ಣ ಟಿವಿ ತಾರಸಿಗೆ ಒಯ್ದು ಎಲ್‌ಎನ್‌ಬಿಗೆ ನೇರ ಸೇರಿಸಿ ಡಿಶ್ ಹೊಂದಿಸಿ. ಕ್ವಾಟ್ರೊ ಆದರೆ ಒಂದು ಬಾಯಿಯಲ್ಲಿ ಒಂದು ಪಾಲಿನ ಚಾನೆಲ್ ಮಾತ್ರ ಸಿಗುತ್ತದೆ, ಗಾಬರಿ ಬೇಡ. ಬಾಕ್ಸ್‌ನ ಸಿಗ್ನಲ್ ಮೆನುವಿನಲ್ಲಿ ಸ್ಟ್ರೆಂತ್‌ಗಿಂತ ಕ್ವಾಲಿಟಿ ನೋಡಿ. ಬೆಂಗಳೂರಿನಿಂದ ನೋಡಿದರೆ 93.5 ಡಿಗ್ರಿಯ ಉಪಗ್ರಹ ಸುಮಾರು 66 ಡಿಗ್ರಿ ಎತ್ತರದಲ್ಲಿ, ಆಗ್ನೇಯ ದಿಕ್ಕಿನಲ್ಲಿದೆ. ಅಷ್ಟು ಎತ್ತರ ಇರುವುದರಿಂದ ಸಿಗ್ನಲ್ ಮಳೆಯೊಳಗೆ ಹಾಯುವ ದಾರಿ ಚಿಕ್ಕದು. ಆದರೂ ಮಲೆನಾಡಿನ ಮಳೆ ಮಲೆನಾಡಿನ ಮಳೆಯೇ. ಬಿಸಿಲಿನ ದಿನ ಅಂಚಿನಲ್ಲಿ ನಿಂತ ಕ್ವಾಲಿಟಿ ಆಷಾಢದಲ್ಲಿ ನಿಲ್ಲುವುದಿಲ್ಲ. ಹೊಂದಿಸುವ ಹೊತ್ತಿಗೇ ಎಷ್ಟು ಸಿಗುತ್ತದೋ ಅಷ್ಟನ್ನೂ ಹಿಂಡಿ. ಸ್ವಿಚ್ ಹಾಕಿದ ಮೇಲೆ ಕ್ವಾಲಿಟಿ ಹೆಚ್ಚುವುದಿಲ್ಲ.

ನಾಲ್ಕು ಕೇಬಲ್ ಎಳೆಯುವ ಮುಂಚೆಯೇ ಎರಡೂ ತುದಿಗೆ ಗುರುತು ಅಂಟಿಸಿ. ಸ್ವಿಚ್ ಮೇಲೆ ಪಾಲಿನ ಹೆಸರಿಗೆ ಬದಲು ವೋಲ್ಟೇಜ್ ಬರೆದಿರಬಹುದು. 13 ವೋಲ್ಟ್, 0 ಕಿಲೋಹರ್ಟ್ಜ್ ಅಂದರೆ ವರ್ಟಿಕಲ್ ಲೋ. 18 ಮತ್ತು 22 ಅಂದರೆ ಹಾರಿಜಾಂಟಲ್ ಹೈ. ಉಳಿದೆರಡನ್ನು ನೀವೇ ಹೇಳಬಲ್ಲಿರಿ, ಅಲ್ವಾ?

ಕನೆಕ್ಟರ್ ಹಾಕುವಾಗ ಜಾಲರಿಯ ಒಂದೇ ಒಂದು ಎಳೆ ಒಳತಂತಿಗೆ ತಾಗಿದರೂ ಶಾರ್ಟ್. ತಿರುಗಿಸಿ ಹಾಕುವ ಕನೆಕ್ಟರ್‌ಗಿಂತ ಒತ್ತಿ ಕೂರಿಸುವ ಕಂಪ್ರೆಶನ್ ಕನೆಕ್ಟರ್ ಎಷ್ಟೋ ವಾಸಿ. ಎಲ್ಲ ಸೇರಿಸಿ ಮುಗಿಯುವವರೆಗೆ ಅಡಾಪ್ಟರ್ ಮತ್ತು ಬಾಕ್ಸ್‌ಗಳ ಪ್ಲಗ್ ಕಿತ್ತೇ ಇರಲಿ. ಎಲ್‌ಎನ್‌ಬಿ ಹತ್ತಿರ ಕೇಬಲನ್ನು ಸ್ವಲ್ಪ ಕೆಳಗೆ ಬಾಗಿಸಿ ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ. ಸ್ವಿಚ್ ಬಿಸಿಲು ಮಳೆ ತಾಗದ, ಗಾಳಿಯಾಡುವ ಜಾಗದಲ್ಲಿರಲಿ. ಖಾಲಿ ಬಾಯಿಗಳಿಗೆ 75 ಓಮ್ ಮುಚ್ಚಳ ಹಾಕಿ. ಹೊರಬಾಯಿಗೆ ಡಿಸಿ ತಡೆಯುವಂಥದ್ದೇ ಆಗಬೇಕು. ಡಿಶ್‌ನ ಕಂಬಕ್ಕೆ, ಸ್ವಿಚ್‌ನ ಮೈಗೆ ಅರ್ಥಿಂಗ್ ಮಾಡಿಸಿ. ಗುಡುಗಿನ ಕಾಲದಲ್ಲಿ ಒಂದು ಡಿಶ್‌ಗೆ ಆರು ಬಾಕ್ಸ್ ಕಟ್ಟಿಕೊಂಡಿರುತ್ತವೆ.

ಏನಾದರೂ ಬರದಿದ್ದರೆ

ಯಾವುದು ಬರುತ್ತಿಲ್ಲ ಅನ್ನುವುದರಲ್ಲೇ ಉತ್ತರ ಇರುತ್ತದೆ. ಒಂದೇ ಟಿವಿಯಲ್ಲಿ ಏನೂ ಇಲ್ಲವೆಂದರೆ ಆ ಕೇಬಲ್, ಆ ಹೊರಬಾಯಿ ನೋಡಿ. ಪಕ್ಕದ ಬಾಯಿಗೆ ಬದಲಿಸಿದರೆ ಯಾವುದು ಅಂತ ತಿಳಿಯುತ್ತದೆ. ಆರೂ ಟಿವಿಯಲ್ಲಿ ಏನೂ ಇಲ್ಲವೆಂದರೆ ಅಡಾಪ್ಟರ್ ಅಥವಾ ಎಲ್‌ಎನ್‌ಬಿ. ಆರೂ ಟಿವಿಯಲ್ಲಿ ಒಂದು ಪಾಲಿನ ಚಾನೆಲ್‌ಗಳು ಮಾತ್ರ ಇಲ್ಲವೆಂದರೆ ಆ ಪಾಲಿನ ಒಳಕೇಬಲ್. ಒಂದು ಟಿವಿಯಲ್ಲಿ ಹಾರಿಜಾಂಟಲ್ ಮಾತ್ರ ಇಲ್ಲವೆಂದರೆ ವೋಲ್ಟೇಜ್ ಇಳಿದಿದೆ. ಒಂದರಲ್ಲಿ ಹೈ ಬ್ಯಾಂಡ್ ಮಾತ್ರ ಇಲ್ಲವೆಂದರೆ ಬಾಕ್ಸ್‌ನ ಮೆನುವಿನಲ್ಲಿ ಎಲ್‌ಎನ್‌ಬಿ 9750/10600 ಅಂತ ಇದೆಯೇ, ಟೋನ್ ಆಟೋ ಇದೆಯೇ ನೋಡಿ.

ಮಾವನ ಮನೆಯಲ್ಲಿ ಸ್ವಿಚ್‌ನ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿದ್ದೇನೆ. ಯಾವ ಬಾಯಿಂದ ಯಾವ ಕೋಣೆಗೆ ಕೇಬಲ್ ಹೋಗಿದೆ, ಫ್ರೀಕ್ವೆನ್ಸಿ ಯಾವುವು, ಕೂರಿಸಿದ ದಿನ ಪ್ರತಿ ಟಿವಿಯಲ್ಲಿ ಕ್ವಾಲಿಟಿ ಎಷ್ಟಿತ್ತು, ಎಲ್ಲ ಅದರಲ್ಲಿದೆ. ಮಳೆಗಾಲದಲ್ಲಿ ಮಾವ ಫೋನ್ ಮಾಡಿ "ಹಾಲ್ ಟಿವಿ 70ರಿಂದ 55ಕ್ಕೆ ಇಳಿದಿದೆ, ಮಿಕ್ಕವು ಸರಿ ಇವೆ" ಅಂದರು. ತಾರಸಿ ಹತ್ತುವ ಅಗತ್ಯ ಬೀಳಲಿಲ್ಲ. ಹಾಲ್‌ನ ಕನೆಕ್ಟರ್ ಬಿಚ್ಚಿ ನೋಡಲು ಹೇಳಿದೆ, ಒಳಗೆ ಹಸಿರು ಕಿಲುಬು ಹಿಡಿದಿತ್ತು.