ಲಕ್ಷ್ಯ ಹೊಳಿ ದಂಡಿಗೆ ಹೋಗಿ ಕುಂತಿರತೈತಿ

ನಮ್ಮ ಚಿಗವ್ವ ನರಗುಂದ ತಾಲೂಕಿನ ಕೊಣ್ಣೂರಾಕಿ, 2019ರ ಆಗಸ್ಟದಾಗ ನವಿಲುತೀರ್ಥ ಡ್ಯಾಮಿಂದ ನೀರ ಬಿಟ್ಟು ಮಲಪ್ರಭಾ ಊರ ಹೊಕ್ಕಾಗ ಉಟ್ಟ ಸೀರಿ ಮ್ಯಾಲೆ ಹೊರಗ ಬಂದಾಕಿ. ಅವತ್ತಿಂದ ಮಾತಾಡಿಸಿದ್ರ ಅರ್ಧ ಕೇಳತಾಳ, ಒಲಿ ಮ್ಯಾಲಿನ ಹಾಲು ಉಕ್ಕಿದ್ರೂ ಖಬರ ಇರೂದಿಲ್ಲ, ಆದ್ರ ಎಲ್ಲೋ ದೂರ ಗುಡುಗಿದ್ದು ಮನ್ಯಾಗ ಎಲ್ಲಾರಿಗಿಂತ ಮೊದಲ ಆಕಿಗೇ ಕೇಳತೈತಿ. ಮಂದಿ 'ಈಕಿಗೆ ಲಕ್ಷ್ಯನ ಇಲ್ಲ' ಅಂತಾರ. ಐತ್ರೀ, ಪೂರಾ ಐತಿ, ಹೊಳಿ ದಂಡಿಗೆ ಕಾವಲ ಕುಂತೈತಿ.

ಇದನ್ನ ಡಾಕ್ಟರ್ ಮಂದಿನೂ ಲಗೂನ ತಿಳಕೊಳ್ಳಲಿಲ್ಲ. 1866ರಾಗ ಲಂಡನ್ನಿನ ಸರ್ಜನ್ ಎರಿಕ್ಸನ್, ರೈಲು ಅಪಘಾತದಾಗ ಉಳದವರ ತ್ರಾಸಿಗೆ ಬೆನ್ನುಹುರಿ ಪೆಟ್ಟೇ ಕಾರಣ ಅಂದ. 1871ರಾಗ ಅಮೆರಿಕಾದ ಡಕೋಸ್ಟಾ ಅನ್ನೋ ಡಾಕ್ಟರ್ ಸಿಪಾಯಿಗಳ ಇಂಥಾ ತ್ರಾಸನ್ನ ಅವರ ಹಾರ್ಟ್ ಮ್ಯಾಲೆ ಹಾಕಿದ. 1915ರಾಗ, ಮೊದಲನೇ ಮಹಾಯುದ್ಧದ ಹೊತ್ತಿಗೆ, ಬ್ರಿಟನ್ನಿನ ಡಾಕ್ಟರ್ ಚಾರ್ಲ್ಸ್ ಮೈಯರ್ಸ್ 'ಶೆಲ್ ಶಾಕ್', ಅಂದ್ರ ತೋಪಿನ ಗುಂಡಿನ ಆಘಾತ, ಅಂತ ಬರದ, ಆದ್ರ ಅದೇ ಯುದ್ಧದಾಗ ಬ್ರಿಟನ್ ಓಡಿಹೋದ, ಹೆದರಿದ ಅಂತ ತನ್ನ ಸಿಪಾಯಿಗಳಿಗೇ ಗುಂಡ ಹಾಕಿತು, ಅವರೊಳಗ 306 ಮಂದಿಗೆ ಕ್ಷಮೆ ಸಿಕ್ಕಿದ್ದು 2006ರಾಗ, ಓದಿದಾಗೆಲ್ಲಾ ನನಗ ಹೊಟ್ಟಿ ಉರೀತೈತಿ. ಪಿಟಿಎಸ್‌ಡಿ, ಅಂದ್ರ ದೊಡ್ಡ ಆಘಾತ ಆದ ಮ್ಯಾಲೆ ಉಳಿಯೋ ಮನಸ್ಸಿನ ತ್ರಾಸು, ಅನ್ನೋ ಹೆಸರು ಅಮೆರಿಕಾದ ಮನೋರೋಗದ ಕೈಪಿಡಿಗೆ ಸೇರಿದ್ದು 1980ರಾಗ, ವಿಯೆಟ್ನಾಂದಿಂದ ತಿರುಗಿ ಬಂದವರ ಕಡಿಂದ ಒತ್ತಾಯ ಬಂದ ಮ್ಯಾಲೆ.

ಲಕ್ಷ್ಯ ಎಲ್ಲಿ ಐತಿ ಅಂತ ಅಳೀಲಿಕ್ಕೆ ಬಂದ ದಾರಿ ಭಾಳ ಸರಳ. 1935ರಾಗ ಸ್ಟ್ರೂಪ್ ಅನ್ನೋ ಮನಃಶಾಸ್ತ್ರಜ್ಞ 'ಕೆಂಪು' ಅನ್ನೋ ಶಬ್ದ ಬ್ಯಾರೆ ಬಣ್ಣದಾಗ ಬರದು, ಓದಬ್ಯಾಡ್ರಿ, ಶಾಯಿ ಬಣ್ಣ ಅಷ್ಟ ಹೇಳ್ರಿ ಅಂದ, ಎಲ್ಲಾರೂ ತಡವರಸಿದ್ರು. 1990ರ ಸುಮಾರಿಗೆ ಮ್ಯಾಕ್‌ನಲಿ ಅನ್ನೋ ಮನಃಶಾಸ್ತ್ರಜ್ಞ ಮತ್ತ ಜೊತೆಗಾರರು ಅದನ್ನೇ ವಿಯೆಟ್ನಾಂ ಯುದ್ಧಕ್ಕ ಹೋಗಿ ಬಂದ ಸಿಪಾಯಿಗಳಿಗೆ, ಯುದ್ಧ ನೆನಪಿಸೋ ಶಬ್ದ ಬರದು ಮಾಡಿದ್ರು, ಪಿಟಿಎಸ್‌ಡಿ ಇದ್ದವರು ಆ ಶಬ್ದಗಳ ಬಣ್ಣ ಹೇಳ್ಲಿಕ್ಕೇ ಹೆಚ್ಚು ಹೊತ್ತು ತಗೊಂಡ್ರು. ಬಣ್ಣ ಕಾಣೂದಿಲ್ಲಂತಲ್ಲ, ಮನಸ್ಸು ಶಬ್ದಕ್ಕ ಸಿಕ್ಕೊಂಡಿರತೈತಿ. ಅಪಾಯ ಲಕ್ಷ್ಯಾನ ಜಲ್ದಿ ಎಳಕೊಂತೈತೋ, ಎಳಕೊಂಡಿದ್ದನ್ನ ಬಿಡೂದಿಲ್ಲೋ ಅಂತ ವಾದ ನಡೀತು, ಬಿಡಿಸ್ಕೊಳ್ಳೂದ ಕಷ್ಟ ಅಂತ ಭಾಳ ಪ್ರಯೋಗದಾಗ ಕಂಡೈತಿ. ಆಮ್ಯಾಲೆ ಇನ್ನೊಂದು ತಿಳೀತು, ಒಬ್ಬರದೇ ಲಕ್ಷ್ಯ ಒಮ್ಮೆ ಅಪಾಯದ ಕಡೆ ನೆಟ್ಟಿರತೈತಿ, ಮರುಗಳಿಗ್ಯಾಗ ಅದರಿಂದ ದೂರ ಓಡತೈತಿ. ಚಿಗವ್ವನ್ನ ನೋಡಿದಾವರಿಗೆ ಇದೇನ ಹೊಸಾದಲ್ಲ, ಒಂದಿನ ಹೊತ್ತೂ ಮುಣುಗೂತನ ಮಳಿ ಸುದ್ದಿ ಹಚ್ಚಿರತಾಳ, ಇನ್ನೊಂದಿನ ಟಿವಿ ಒಳಗ ನೀರ ಕಂಡ ಕೂಡ್ಲೇ ಎದ್ದ ಹೋಗಿ ಬಂದ್ ಮಾಡತಾಳ. ತಲಿ ಒಳಗ ಅಮಿಗ್ಡಲಾ ಅನ್ನೋ ಸಣ್ಣ ಭಾಗ ಅಪಾಯದ ಗಂಟಿ ಬಾರಸ್ತನ ಇರತೈತಿ, ಹಣಿ ಹಿಂದಿನ ಮೆದುಳು 'ಸಾಕು, ಈಗೇನಿಲ್ಲ' ಅಂದದ್ದು ಅಲ್ಲಿಗೆ ಸರಿಯಾಗಿ ಮುಟ್ಟೂದಿಲ್ಲ.

ನಮ್ಮ ಕಡೆ ಇದಕ್ಕ ದೊಡ್ಡ ಅಡ್ಡಿ ಹೆಸರಿಂದು. ಧಾರವಾಡದ ಡಿಮ್ಹಾನ್ಸ್ 1845ರ ಮಾನಸಿಕ ಆಸ್ಪತ್ರಿ, ಮಂದಿ ಬಾಯಾಗ ಇನ್ನೂ 'ಹುಚ್ಚರ ದವಾಖಾನಿ'ನ, ಅದಕ್ಕ ಚಿಗವ್ವನ್ನ ಒಪ್ಪಸ್ಲಿಕ್ಕೆ ಎರಡು ವರ್ಷ ಹಿಡೀತು. ಮೊದಲ ಟೆಲಿ ಮಾನಸ್ ಅನ್ನೋ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕ ಫೋನ್ ಹಚ್ಚಿ ಕನ್ನಡದಾಗ ಮಾತಾಡಿದ್ಲು, ಆಮ್ಯಾಲೆ ಬಂದ್ಲು. ಈಗ ತಿಂಗಳಿಗೊಮ್ಮೆ ಬಸ್ ಹತ್ತಿ ಬರತಾಳ. ಡ್ಯಾಮಿಂದ ನೀರ ಬಿಟ್ಟಾರೇನ್ರಿ ಅಂತ ಕಂಡಕ್ಟರಗ ಕೇಳೂದು ಬಿಟ್ಟಿಲ್ಲ, ಮೊದಲ ಧಾರವಾಡ ಮುಟ್ಟೋದ್ರಾಗ ಐದಾರು ಸಲ ಕೇಳತಿದ್ಲು, ಹೋದ ತಿಂಗಳ ಒಮ್ಮೆ ಕೇಳಿ ಸವದತ್ತಿ ದಾಟೂದ್ರಾಗ ನಿದ್ದಿ ಹೋಗಿದ್ಲಂತ.